ಮುಖದ ಹೂಜಿ ಮಾಡಲು ಹೊರಟಿದ್ದೇನೆ: ಹಲ್ಲು ನಿಲ್ಲುತ್ತಿಲ್ಲ, ಅದಕ್ಕೂ ಮೊದಲು ಒಂದು ಪ್ರಶ್ನೆ

ಕೆಂಪುಮಣ್ಣು · ಅಟ್ಲಾಂಟಾ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ನಾಲ್ಕು ವರ್ಷದಿಂದ ಪ್ರತಿ ಶನಿವಾರ ತಿಗರಿ ಮುಂದೆ ಕೂರುತ್ತೇನೆ.

2024ರ ಮಾರ್ಚ್‌ನಲ್ಲಿ ಇಲ್ಲಿನ ಹೈ ಮ್ಯೂಸಿಯಂನಲ್ಲಿ ಒಂದು ಪ್ರದರ್ಶನ ನೋಡಿದೆ. ದಕ್ಷಿಣ ಕೆರೊಲಿನಾದ ಎಡ್ಜ್‌ಫೀಲ್ಡ್ ಸುತ್ತಮುತ್ತ ಗುಲಾಮರಾಗಿದ್ದ ಕುಂಬಾರರು ಮಾಡಿದ ಪಾತ್ರೆಗಳು. ದೊಡ್ಡ ದೊಡ್ಡ ಜಾಡಿಗಳಿದ್ದವು. ನಾನು ನಿಂತುಬಿಟ್ಟಿದ್ದು ಮಾತ್ರ ಚಿಕ್ಕದರ ಮುಂದೆ. ಒಂದು ಗೇಣೂ ಇಲ್ಲದ ಹೂಜಿ. ಮೈಯೆಲ್ಲ ಹಸಿರು ಬೆರೆತ ಕಂದು ಗ್ಲೇಜ್ (ಸುಟ್ಟಾಗ ಗಾಜಿನ ಹಾಗಾಗುವ ಲೇಪ), ಮಳೆ ನೀರು ಗೋಡೆ ಮೇಲೆ ಇಳಿದ ಹಾಗೆ ಗೆರೆ ಗೆರೆ. ಅದರಲ್ಲಿ ಒಂದು ಮುಖ. ಹುಬ್ಬು ಗಂಟು ಹಾಕಿದೆ. ಕಣ್ಣು ಮತ್ತು ಹಲ್ಲಿಗೆ ಮಾತ್ರ ಗ್ಲೇಜ್ ಇಲ್ಲ, ಅಚ್ಚ ಬಿಳಿ ಮಣ್ಣು. ಕಣ್ಣಿನ ಗುಡ್ಡೆಯ ಪಕ್ಕದಲ್ಲಿ ಬೆರಳಿಂದ ಒತ್ತಿದ ಗುರುತು ಹಾಗೇ ಉಳಿದಿತ್ತು. ನನ್ನ ಕಿರುಬೆರಳಿನಷ್ಟೇ ಅಗಲ. ಹೆಸರಿನ ಜಾಗದಲ್ಲಿ ‘ಮಾಡಿದವರು ಗೊತ್ತಿಲ್ಲ’ ಎಂದು ಬರೆದಿತ್ತು.

ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ. ಈಗ ನಾನೂ ಒಂದು ಮಾಡಬೇಕು ಅಂತ ಹೊರಟಿದ್ದೇನೆ. ಇದುವರೆಗೆ ಮೂರು ಮಾಡಿದೆ, ಮೂರೂ ಹೋದವು. ಒಂದಕ್ಕೆ ಒಡೆದ ತಟ್ಟೆಯ ಚೂರನ್ನು ಹಲ್ಲಾಗಿ ಚುಚ್ಚಿದ್ದೆ. ಒಣಗುವಾಗಲೇ ತುಟಿ ಸೀಳಿತು. ಇನ್ನೊಂದರ ಕಣ್ಣು ಗ್ಲೇಜ್ ಸುಟ್ಟ ಮೇಲೆ ಕಳಚಿ ಬಿತ್ತು. ಮೂರನೆಯದರ ಮೂಗು ಆವಿಗೆಯಲ್ಲಿ ಸಿಡಿದು ಪಕ್ಕದವರ ಬಟ್ಟಲಿಗೂ ತಾಗಿತು.

ತಾಂತ್ರಿಕ ಸಹಾಯ ಬೇಕು, ಅದು ಒಂದು. ಅದಕ್ಕೂ ಮೊದಲು ಕೇಳಬೇಕಾದ್ದು: ಇದನ್ನು ನಾನು ಮಾಡಬಹುದಾ? ಅಂಥ ಸ್ಥಿತಿಯಲ್ಲಿದ್ದವರು ತಮಗಾಗಿ ಮಾಡಿಕೊಂಡ ವಸ್ತು ಅದು. ನಾನು ವಾರಾಂತ್ಯದ ಹವ್ಯಾಸಕ್ಕೆ ಮಾಡಿದರೆ ಸರಿನಾ? ಮನಸ್ಸು ಒಪ್ಪಲ್ಲ, ಬಿಡಲೂ ಆಗಲ್ಲ.

ಹದಮಣ್ಣು · ಬೆಂಗಳೂರು

ಮೇಡಂ, ಎರಡನೇ ಪ್ರಶ್ನೆ ದೊಡ್ಡದು, ಬೇರೆಯವರು ಹೇಳಲಿ. ಹಲ್ಲು ಕಣ್ಣಿನದು ನನಗೆ ಬಿಡಿ. ಇಪ್ಪತ್ತು ವರ್ಷದಿಂದ ಸ್ಟೋನ್‌ವೇರ್ (ಹೆಚ್ಚು ಶಾಖಕ್ಕೆ ಬೆಂದು ಕಲ್ಲಿನಂತಾಗುವ ಪಾತ್ರೆ) ಸುಡುತ್ತಿದ್ದೇನೆ.

ತಟ್ಟೆ ಚೂರು ಒಮ್ಮೆ ಸುಟ್ಟಾಗಿದೆ. ಇನ್ನು ಅದು ಕುಗ್ಗಲ್ಲ. ನಿಮ್ಮ ಹಸಿ ಮಣ್ಣು ಒಣಗಿ ಸುಟ್ಟು ಮುಗಿಯುವಷ್ಟರಲ್ಲಿ ನೂರಕ್ಕೆ ಹತ್ತು ಹನ್ನೆರಡರಷ್ಟು ಕುಗ್ಗುತ್ತದೆ. ಕುಗ್ಗುವುದು ಕುಗ್ಗದಿರುವುದನ್ನು ಬಿಗಿಯಾಗಿ ಹಿಡಿದರೆ ಸೀಳಲೇಬೇಕು. ಹಾಗಾಗಿ ಚೂರು ಚಿಕ್ಕದಿರಲಿ, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ಹಿಂದಕ್ಕೆ ಒಂದು ಕೂದಲೆಳೆ ಜಾಗ ಬಿಡಿ. ತುಟಿಯ ಮಣ್ಣನ್ನು ಅದರ ಮೇಲೆ ಸಡಿಲವಾಗಿ ಮಡಚಿ. ತುಟಿ ಕುಗ್ಗುತ್ತಾ ತಾನೇ ಹಲ್ಲನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ವಿಷಯ, ಅಗ್ಗದ ತಟ್ಟೆ ಬೇಡ. ಸ್ಟೋನ್‌ವೇರ್ ಶಾಖಕ್ಕೆ ಅದು ಮೆತ್ತಗಾಗಿ ಇಳಿಯುತ್ತದೆ.

ಕಣ್ಣಿಗೆ ಏನು ಬಳಸಿದಿರಿ? ಬರೀ ಕೇಯೊಲಿನ್ (ಬಿಳಿ ಪಿಂಗಾಣಿ ಮಣ್ಣು) ಪುಡಿನಾ?

ಕೆಂಪುಮಣ್ಣು

ಹೌದು ಸರ್. ಕೇಯೊಲಿನ್ ಪುಡಿಗೆ ನೀರು ಹಾಕಿ ಉಂಡೆ ಮಾಡಿದೆ.

ಹದಮಣ್ಣು

ಅಲ್ಲೇ ಆಗಿದ್ದು. ಬರೀ ಕೇಯೊಲಿನ್ ಎಷ್ಟು ಸುಟ್ಟರೂ ಗಟ್ಟಿಯಾಗಿ ಬೆಸೆಯಲ್ಲ, ಸುಣ್ಣದ ಹಾಗೆ ಉಳಿಯುತ್ತದೆ. ಅರ್ಧ ಕೇಯೊಲಿನ್, ಕಾಲು ಭಾಗ ಫೆಲ್ಡ್‌ಸ್ಪಾರ್ (ಶಾಖಕ್ಕೆ ಕರಗಿ ಬೆಸೆಯುವ ಖನಿಜದ ಪುಡಿ), ಕಾಲು ಭಾಗ ಬೆಣಚುಕಲ್ಲಿನ ಪುಡಿ ತೆಗೆದುಕೊಳ್ಳಿ. ಇದು ಪಿಂಗಾಣಿಯ ಹಳೇ ಲೆಕ್ಕ. ಆದರೆ ಇದು ನಿಮ್ಮ ಹೂಜಿಯ ಮಣ್ಣಿಗಿಂತ ಸ್ವಲ್ಪ ಜಾಸ್ತಿ ಕುಗ್ಗಬಹುದು, ಸಡಿಲವಾದರೆ ಬೀಳುತ್ತದೆ. ಅದಕ್ಕೇ ಕಣ್ಣನ್ನು ಬರೀ ಅಂಟಿಸಬೇಡಿ. ಮೊದಲು ಗುಳಿ ಮಾಡಿ, ಗುಡ್ಡೆ ಕೂರಿಸಿ, ಮೇಲೂ ಕೆಳಗೂ ಮಣ್ಣಿನ ಎಳೆ ಹೊಸೆದು ರೆಪ್ಪೆ ಕಟ್ಟಿ. ಎಡ್ಜ್‌ಫೀಲ್ಡ್ ಹೂಜಿಗಳ ಚಿತ್ರ ನೋಡಿ, ರೆಪ್ಪೆ ಎಷ್ಟು ದಪ್ಪ ಇದೆ ಅಂತ. ಅದು ಬರೀ ಅಂದಕ್ಕಲ್ಲ, ಕಣ್ಣನ್ನು ಹಿಡಿದಿಡುವುದೇ ಅದು.

ಮೂಗು ಸಿಡಿದಿದ್ದು ಒಳಗೆ ಹಸಿ ಉಳಿದಿದ್ದರಿಂದ. ದಪ್ಪ ಮಣ್ಣಿನ ಮುದ್ದೆ ಹೊರಗಿಂದ ಅಂಟಿಸಿದ್ದೀರಿ ಅಲ್ವಾ? ಅರೆ ಒಣಗಿದ ಹದದಲ್ಲಿ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಹತ್ತು ದಿನ ಬಿಡಿ. ಅವಸರ ಬೇಡ.

ಹೊಸಬ_ಹಾಸನ

ಇದೊಂಥರಾ ನಮ್ಮ ದೃಷ್ಟಿ ಮಡಕೆ ಅಲ್ವಾ? ನಮ್ಮ ಹೊಲದಲ್ಲೂ ಮಡಕೆ ಬೋರಲು ಹಾಕಿ ಸುಣ್ಣದಲ್ಲಿ ಕಣ್ಣು ಬಾಯಿ ಬರೆಯುತ್ತಾರೆ. ಹೊಸ ಮನೆ ಕಟ್ಟುವಾಗ ದೃಷ್ಟಿಗೊಂಬೆ ತೂಗು ಹಾಕುತ್ತಾರೆ. ಎಲ್ಲ ಕಡೆ ಜನ ಒಂದೇ ಥರ ಯೋಚನೆ ಮಾಡುತ್ತಾರೆ ಅನಿಸಿತು.

ಹಳೇ_ಜಾಡಿ · ಮೈಸೂರು

ಹೊಸಬರೇ, ನೋಡಲು ಹೋಲುತ್ತದೆ, ನಿಜ. ಆದರೆ ಈ ಹೋಲಿಕೆಯನ್ನು ಅಷ್ಟಕ್ಕೇ ಬಿಡೋಣ. ಆ ಹೂಜಿಗಳಿಗೆ ಅವುಗಳದೇ ಕಥೆ ಇದೆ. ನಮ್ಮ ಕಥೆಯನ್ನು ಅದರ ಮೇಲೆ ಹೊದಿಸಿದರೆ ಅದು ಕಾಣದೇ ಹೋಗುತ್ತದೆ. ನಿವೃತ್ತ ಇತಿಹಾಸ ಮೇಷ್ಟ್ರು ನಾನು, ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಎಡ್ಜ್‌ಫೀಲ್ಡ್ ಇರುವುದು ದಕ್ಷಿಣ ಕೆರೊಲಿನಾದ ಪಶ್ಚಿಮ ಅಂಚಿನಲ್ಲಿ, ಸವಾನಾ ನದಿಯ ಹತ್ತಿರ. ಅಲ್ಲಿ ಸ್ಟೋನ್‌ವೇರ್ ಮಣ್ಣೂ ಇದೆ, ಬಿಳಿ ಕೇಯೊಲಿನ್ನೂ ಇದೆ, ಕಾಡೂ ಇದೆ. 1810ರ ದಶಕದಲ್ಲಿ ಆಬ್ನರ್ ಲ್ಯಾಂಡ್ರಮ್ ಎಂಬ ವೈದ್ಯ ಅಲ್ಲಿ ಪಾಟರ್ಸ್‌ವಿಲ್ ಎಂಬ ಕುಂಬಾರಿಕೆ ಶುರು ಮಾಡಿದ. ಅಲ್ಲಿ ಬಳಸಿದ್ದು ಬೂದಿ ಗ್ಲೇಜ್. ಸೌದೆ ಬೂದಿ ಅಥವಾ ಸುಣ್ಣ, ಮರಳು, ಮಣ್ಣು, ಇಷ್ಟೇ. ಚೀನಾದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ವಿದ್ಯೆ ಇದು. 1712 ಮತ್ತು 1722ರಲ್ಲಿ ಒಬ್ಬ ಫ್ರೆಂಚ್ ಪಾದ್ರಿ ಚೀನಾದ ಪಿಂಗಾಣಿ ಕೆಲಸದ ಬಗ್ಗೆ ಬರೆದ ಪತ್ರಗಳು ಯುರೋಪಿನಲ್ಲಿ ಅಚ್ಚಾಗಿದ್ದವು. ಲ್ಯಾಂಡ್ರಮ್ ಅವನ್ನು ಓದಿರಬಹುದು ಎನ್ನುವುದು ವಿದ್ವಾಂಸರ ಊಹೆ.

ಇನ್ನು ಪ್ರಮಾಣದ ಮಾತು. ಪಾಟರ್ಸ್‌ವಿಲ್‌ನ ಆವಿಗೆಯನ್ನು 2011ರಲ್ಲಿ ಅಗೆದು ನೋಡಿದರು. ಉದ್ದ 105 ಅಡಿ! ಇದು ಯಾರದೋ ಹಿತ್ತಲಿನ ಕುಂಬಾರಿಕೆ ಆಗಿರಲಿಲ್ಲ, ಕಾರ್ಖಾನೆ. ಮಣ್ಣು ಅಗೆದವರು, ಸೌದೆ ಕಡಿದವರು, ತಿಗರಿ ತಿರುಗಿಸಿದವರು, ಆವಿಗೆ ತುಂಬಿದವರು ಹೆಚ್ಚಿನಂಶ ಗುಲಾಮರೇ. ತೋಟದ ಮಾಲೀಕರು ಮಾಂಸ, ಹಂದಿಕೊಬ್ಬು ತುಂಬಿಡಲು ಆ ಜಾಡಿಗಳನ್ನು ಕೊಳ್ಳುತ್ತಿದ್ದರು. ನಮ್ಮ ಅಜ್ಜಿಯರು ಮಿಡಿ ಉಪ್ಪಿನಕಾಯಿ ಹಾಕಿಡುತ್ತಿದ್ದ ಭರಣಿ ಇದೆಯಲ್ಲ, ಅದೂ ಇದೇ ಜಾತಿ. ಸ್ಟೋನ್‌ವೇರ್ ಉಪ್ಪು ಹುಳಿಗೆ ಜಗ್ಗಲ್ಲ, ನೀರು ಜಿನುಗಲ್ಲ.

ಮುಖದ ಹೂಜಿಗಳು ಬಂದಿದ್ದು ಹತ್ತೊಂಬತ್ತನೇ ಶತಮಾನದ ನಡುಭಾಗದ ನಂತರ. ಅದರ ಬಗ್ಗೆ ಹಳೇ ಬರಹ ಸಿಗುವುದು 1893ರಲ್ಲಿ. ಎಡ್ವಿನ್ ಆಟ್ಲೀ ಬಾರ್ಬರ್ ಎಂಬವರು ಅಮೆರಿಕದ ಕುಂಬಾರಿಕೆ ಬಗ್ಗೆ ಪುಸ್ತಕ ಬರೆದರು. ಬಾತ್ ಎಂಬ ಊರಿನಲ್ಲಿ ಕುಂಬಾರಿಕೆ ನಡೆಸಿದ್ದ ಥಾಮಸ್ ಡೇವೀಸ್ ಅವರಿಗೆ ಹೇಳಿದ್ದ: 1862ರ ಹೊತ್ತಿಗೆ ತನ್ನಲ್ಲಿದ್ದ ಕಪ್ಪು ಕೆಲಸಗಾರರು ಬಿಡುವಿನ ವೇಳೆಯಲ್ಲಿ, ತಮಗಾಗಿ, ಇಂಥವನ್ನು ಮಾಡುತ್ತಿದ್ದರು ಎಂದು. ‘ತಮಗಾಗಿ’ ಎನ್ನುವ ಆ ಮಾತನ್ನು ದಯವಿಟ್ಟು ಗಮನಿಸಿ. ಹಗಲೆಲ್ಲ ಮಾಡಿದ ಜಾಡಿ ಧಣಿಯದು. ಇದು ಅವರದು.

ಇನ್ನೊಂದು ಎಳೆ. ಹೊರಗಿಂದ ಗುಲಾಮರನ್ನು ತರುವುದನ್ನು ಅಮೆರಿಕ 1808ರಲ್ಲೇ ನಿಷೇಧಿಸಿತ್ತು. ಆದರೂ 1858ರ ನವೆಂಬರ್‌ನಲ್ಲಿ ವಾಂಡರರ್ ಎಂಬ ಹಡಗು ಜಾರ್ಜಿಯಾದ ಜೆಕಿಲ್ ದ್ವೀಪಕ್ಕೆ ಕದ್ದು ಬಂತು. ಕಾಂಗೋ ನದಿಯ ಬಾಯಿಯಿಂದ ಹತ್ತಿಸಿದವರು 487. ಬದುಕಿ ಇಳಿದವರು 409. ಅವರಲ್ಲಿ ನೂರಕ್ಕೂ ಹೆಚ್ಚು ಜನರನ್ನು ಸವಾನಾ ನದಿಯಲ್ಲಿ ಮೇಲಕ್ಕೆ, ಎಡ್ಜ್‌ಫೀಲ್ಡ್ ಕಡೆಗೆ ಸಾಗಿಸಿದರು. ಕಾಂಗೋ ಜನರಿಗೆ ಬಿಳಿ ಮಣ್ಣು ಎಂದರೆ ಸತ್ತವರ ಲೋಕದ ಬಣ್ಣ, ಹಿರಿಯರ ಬಣ್ಣ. ಅವರಲ್ಲಿ ‘ನ್ಕಿಸಿ’ ಎಂಬ ಶಕ್ತಿ ತುಂಬಿದ ವಿಗ್ರಹಗಳೂ ಪಾತ್ರೆಗಳೂ ಇದ್ದವು. ಎಡ್ಜ್‌ಫೀಲ್ಡ್‌ನ ನೆಲದಲ್ಲೂ ಅದೇ ಬಿಳಿ ಮಣ್ಣು ಸಿಕ್ಕಿತು. ಕಣ್ಣಿಗೂ ಹಲ್ಲಿಗೂ ಅದನ್ನೇ ಯಾಕೆ ಇಟ್ಟರು ಎನ್ನುವುದಕ್ಕೆ ಇಂದಿನ ಹೆಚ್ಚಿನ ವಿದ್ವಾಂಸರು ಇಲ್ಲೇ ಉತ್ತರ ಹುಡುಕುತ್ತಾರೆ.

ಹೊಸಬ_ಹಾಸನ

ಮೇಷ್ಟ್ರೇ, ನಾನು ಸುಮ್ನೆ ಹೇಳಿಬಿಟ್ಟೆ. ಇಷ್ಟು ಗೊತ್ತಿರಲಿಲ್ಲ. 487ರಲ್ಲಿ 409. ಅಂದರೆ 78 ಜನ ಹಡಗಿನಲ್ಲೇ ತೀರಿಕೊಂಡರು.

ಹಳೇ_ಜಾಡಿ

ಹೌದಪ್ಪ. ಒಂದೂವರೆ ತಿಂಗಳ ಪ್ರಯಾಣ ಅದು.

ಕಟಾಬಾ_ಕನ್ನಡಿಗ · ಷಾರ್ಲೆಟ್

ಮೇಷ್ಟ್ರು ಹೇಳಿದ ಮೇಲೆ ಮುಂದಿನ ಭಾಗ ನಾನು ಸೇರಿಸುತ್ತೇನೆ. ಯಾಕೆಂದರೆ ಇಲ್ಲಿ ಬಹಳ ಜನಕ್ಕೆ ಮುಖದ ಹೂಜಿ ಎಂದರೆ ನೆನಪಾಗುವುದು ಬಿಳಿಯ ಕುಂಬಾರ ಮನೆತನಗಳು.

ನಾನಿರುವ ಊರಿಂದ ಒಂದು ಗಂಟೆ ದಾರಿ ಉತ್ತರ ಕೆರೊಲಿನಾದ ಕಟಾಬಾ ಕಣಿವೆ. ಅಲ್ಲಿ ವೇಲ್ ಎಂಬ ಊರಲ್ಲಿ ಬರ್ಲನ್ ಕ್ರೇಗ್ ಇದ್ದರು, 1914ರಿಂದ 2002ರವರೆಗೆ. ಸುತ್ತಲಿನವರೆಲ್ಲ ಬಿಟ್ಟ ಮೇಲೂ ಅವರು ಹಳೇ ಕ್ರಮ ಬಿಡಲಿಲ್ಲ. ಗ್ಲೇಜ್‌ಗೆ ಬೂದಿ, ಮಣ್ಣಿನ ಜೊತೆ ಒಡೆದ ಗಾಜನ್ನು ಕುಟ್ಟಿ ಹಾಕುತ್ತಿದ್ದರು. ಕೆಲವೊಮ್ಮೆ ಹಿಡಿಯ ಮೇಲೆ ಗಾಜಿನ ಚೂರು ಇಟ್ಟು ಸುಡುತ್ತಿದ್ದರು. ಅದು ಕರಗಿ ತಿಳಿ ಬಣ್ಣದ ಧಾರೆಯಾಗಿ ಕೆಳಗಿಳಿಯುತ್ತಿತ್ತು. ಜಾರ್ಜಿಯಾದ ಮಾಸಿ ಕ್ರೀಕ್‌ನಲ್ಲಿ ಮೀಡರ್ಸ್ ಮನೆತನ. ಲೇನಿಯರ್ ಮೀಡರ್ಸ್ ಹೆಸರು ಮುಖದ ಹೂಜಿಯ ಜೊತೆಗೇ ಅಂಟಿಕೊಂಡಿದೆ. 1967ರಲ್ಲಿ ಸ್ಮಿತ್ಸೋನಿಯನ್ ಎಂಬ ರಾಷ್ಟ್ರೀಯ ಮ್ಯೂಸಿಯಂ ಸಂಸ್ಥೆಯವರು ಬಂದು ಆ ಮನೆಯ ಕೆಲಸವನ್ನು ಚಿತ್ರೀಕರಿಸಿದರು. ಆಮೇಲೆ ಬೇಡಿಕೆ ಎದ್ದಿತು. ದೇಶ ಕೊಡುವ ಜಾನಪದ ಕಲಾವಿದರ ದೊಡ್ಡ ಗೌರವ ಲೇನಿಯರ್ ಅವರಿಗೆ 1983ರಲ್ಲಿ, ಕ್ರೇಗ್ ಅವರಿಗೆ 1984ರಲ್ಲಿ ಬಂತು.

ಯಾಕೆ ಇವರೆಲ್ಲ ಮುಖಕ್ಕೆ ತಿರುಗಿದರು? ಹೊಟ್ಟೆಪಾಡೂ ಒಂದು ಕಾರಣ. ಗಾಜಿನ ಬಾಟಲಿ ಬಂತು, ತಗಡಿನ ಡಬ್ಬ ಬಂತು, ಫ್ರಿಡ್ಜ್ ಬಂತು. ಜಾರ್ಜಿಯಾದಲ್ಲಿ 1908ರಿಂದ ಪಾನನಿಷೇಧ ಬಂದು ವಿಸ್ಕಿ ಹೂಜಿಯ ಗಿರಾಕಿಗಳೂ ಹೋದರು. ಕೊನೆಗೆ ಉಳಿದವರು ಊರು ನೋಡಲು ಬರುವವರು, ಸಂಗ್ರಹ ಮಾಡುವವರು. ಅವರು ಕೇಳಿದ್ದು ಮುಖ.

ನಾನು ಇವರ ಕೆಲಸವನ್ನು ತುಂಬಾ ಪ್ರೀತಿಸುತ್ತೇನೆ. ಮನೆಯಲ್ಲಿ ಎರಡು ಇವೆ. ಆದರೆ ಅಂಗಡಿಗಳಲ್ಲಿ ಇವನ್ನು ‘ಕುರೂಪಿ ಹೂಜಿ’ ಎಂಬ ಅರ್ಥದ ಹೆಸರಿನಲ್ಲಿ ಮಾರುತ್ತಾರೆ. ಆ ಹೆಸರು ಕೇಳಿದಾಗೆಲ್ಲ ನನಗೆ ಒಳಗೆ ಕಸಿವಿಸಿ.

ಕೆಂಪುಮಣ್ಣು

ಅಣ್ಣಾ, ಅದೇ ಮಾತು! ನಮ್ಮ ತರಗತಿಯಲ್ಲೂ ಅದೇ ಹೆಸರು. ಅಕ್ಟೋಬರ್ ಬಂತೆಂದರೆ ಹ್ಯಾಲೋವೀನ್‌ಗೆ ಅಂತ ಎಲ್ಲರೂ ಮಾಡುತ್ತಾರೆ. ಕಣ್ಣು ಎಷ್ಟು ಹೊರಗೆ ಬಂದರೆ ಅಷ್ಟು ಚೆಂದ ಎನ್ನುತ್ತಾರೆ. ಎಡ್ಜ್‌ಫೀಲ್ಡ್ ಹೆಸರೇ ಯಾರೂ ಎತ್ತುವುದಿಲ್ಲ. ನಾನು ಆ ಪುಟ್ಟ ಮುಖ ನೋಡಿದ್ದೇನೆ. ಅದರಲ್ಲಿ ಕುರೂಪ ಏನೂ ಇರಲಿಲ್ಲ. ಸಿಟ್ಟು ಇತ್ತು, ಕಾವಲು ಇತ್ತು. ಎದುರಿಗೆ ನಿಂತವರನ್ನು ಅದು ನೇರ ನೋಡುತ್ತಿತ್ತು. ನನ್ನ ಮಟ್ಟಿಗೆ ಈ ಚರ್ಚೆಯಲ್ಲಿ ನಾವು ‘ಮುಖದ ಹೂಜಿ’ ಎಂದೇ ಕರೆಯೋಣ.

ಆವಿಗೆ_ಹೊಗೆ · ಖಾನಾಪುರ

ನಮಸ್ಕಾರ್ರಿ ಎಲ್ಲರಿಗೂ. ನಮ್ಮದು ಕುಂಬಾರ ಮನೆತನ. ನಮ್ಮಪ್ಪ ಹರವಿ, ಗಡಿಗೆ ಮಾಡುತ್ತಿದ್ದರು. ನಾನು ಇಲ್ಲಿನ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯಲ್ಲಿ ತರಬೇತಿ ಪಡೆದವನು.

ಒಂದು ಮಾತು ಕೇಳಬೇಕಿತ್ತು. ಅವರ ಆವಿಗೆ ಹೆಂಗಿರುತ್ತದೆ? ನಮ್ಮ ಗಡಿಗೆ 800, 900 ಡಿಗ್ರಿಗೆ ಬೆಂದುಬಿಡುತ್ತದೆ. ಅದನ್ನು 1250ಕ್ಕೆ ಒಯ್ದರೆ ಕರಗಿ ಮುದ್ದೆ ಆಗುತ್ತದೆ. ಅಷ್ಟು ಶಾಖ ಬರೀ ಸೌದೆಯಲ್ಲಿ ಹೆಂಗೆ ಬರಿಸುತ್ತಿದ್ದರು?

ಕಟಾಬಾ_ಕನ್ನಡಿಗ

ಒಳ್ಳೇ ಪ್ರಶ್ನೆ ಸರ್. ಇಲ್ಲಿನದಕ್ಕೆ ಗ್ರೌಂಡ್‌ಹಾಗ್ ಆವಿಗೆ ಎನ್ನುತ್ತಾರೆ. ಗ್ರೌಂಡ್‌ಹಾಗ್ ಅಂದರೆ ನೆಲದಲ್ಲಿ ಬಿಲ ತೋಡುವ ಪ್ರಾಣಿ. ಆವಿಗೆಯೂ ಹಾಗೇ, ಇಳಿಜಾರಿನಲ್ಲಿ ಅರ್ಧ ಹೂತಿರುತ್ತದೆ. ಸುತ್ತಲ ಮಣ್ಣೇ ಅದಕ್ಕೆ ಗೋಡೆ, ಅದೇ ಹೊದಿಕೆ. ಉದ್ದ, ತಗ್ಗು. ಒಳಗೆ ಪಾತ್ರೆ ಜೋಡಿಸಲು ಬಗ್ಗಿ ತೆವಳಿಕೊಂಡೇ ಹೋಗಬೇಕು. ಒಂದು ತುದಿಯಲ್ಲಿ ಬೆಂಕಿ ಗುಂಡಿ, ಇನ್ನೊಂದು ತುದಿಯಲ್ಲಿ ಅಗಲವಾದ ಗಿಡ್ಡ ಚಿಮಣಿ. ಬೆಂಕಿ ಪಾತ್ರೆಗಳ ನಡುವೆಯೇ ಹಾದು ಹೋಗುತ್ತದೆ.

ಒಮ್ಮೆ ಸುಡುವಾಗ ನಾನು ನಿಂತು ನೋಡಿದ್ದೇನೆ. ಬೆಳಗಿನ ಜಾವ ಸಣ್ಣ ಬೆಂಕಿ. ಮಧ್ಯಾಹ್ನದವರೆಗೆ ನಿಧಾನ. ಕೊನೆಯ ಎರಡು ಮೂರು ಗಂಟೆ ಒಣಗಿದ ಪೈನ್ ಸೀಳುಗಳನ್ನು ಎಡೆಬಿಡದೆ ತುಂಬುತ್ತಾರೆ. ಮೊದಲು ಕಪ್ಪು ಹೊಗೆ. ಆಮೇಲೆ ಚಿಮಣಿಯಿಂದ ಆಳೆತ್ತರದ ಜ್ವಾಲೆ ಹೊರಗೇ ಬರುತ್ತದೆ. ಸಂಜೆ ಹೊತ್ತಿಗೆ ಮುಗಿಯಿತು. ತೂತಿನಿಂದ ಒಳಗೆ ನೋಡಿದರೆ ಪಾತ್ರೆಗಳ ಮೈ ಒದ್ದೆಯಾದ ಹಾಗೆ ಹೊಳೆಯುತ್ತಿತ್ತು. ಗ್ಲೇಜ್ ಕರಗಿದ ಗುರುತು ಅದು.

ಆವಿಗೆ_ಹೊಗೆ

ಭಾಳ ಚಲೋ ಹೇಳಿದಿರಿ. ನಮ್ಮಪ್ಪ ಬೆಂಕಿಯ ಬಣ್ಣ ನೋಡಿಯೇ ‘ಸಾಕು’ ಎನ್ನುತ್ತಿದ್ದರು. ಅದು ಅಲ್ಲೂ ಹಂಗೇ ಇತ್ತು ಅಂತ ಕಾಣುತ್ತದೆ. ಆದರೆ ನಮ್ಮಪ್ಪ ಸುಟ್ಟ ಗಡಿಗೆ ನಮ್ಮಪ್ಪಂದೇ ಆಗಿತ್ತು. ಮಾರಿದ ದುಡ್ಡು ಕಡಿಮೆ ಇದ್ದರೂ ಕೈಗೆ ಬರುತ್ತಿತ್ತು. 105 ಅಡಿ ಆವಿಗೆ ತುಂಬಿ ಒಂದು ಪೈಸೆಯೂ ಇಲ್ಲ ಅಂದರೆ... ನಮಗೆ ಗೊತ್ತು ಆ ದುಡಿಮೆ ಎಷ್ಟು ಅಂತ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತಾರಲ್ಲ. ಅಲ್ಲಿ ದೊಣ್ಣೆ ಪಾತ್ರೆ ಮೇಲೆ ಮಾತ್ರ ಬೀಳುತ್ತಿರಲಿಲ್ಲ.

ಹಳೇ_ಜಾಡಿ

ಖಾನಾಪುರದವರ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಡೇವ್ ಅವರ ಬಗ್ಗೆ ಹೇಳದೆ ಈ ಮಾತು ಪೂರ್ತಿಯಾಗಲ್ಲ. ಅದೇ ಎಡ್ಜ್‌ಫೀಲ್ಡ್. ಹುಟ್ಟಿದ್ದು ಸುಮಾರು 1801. ಗುಲಾಮರಾಗಿದ್ದರು, ತಿಗರಿ ಮೇಲೆ ಅವರನ್ನು ಮೀರಿಸಿದವರಿಲ್ಲ. ಅವರು ಓದು ಬರಹ ಕಲಿತಿದ್ದರು. 1834ರಲ್ಲಿ ದಕ್ಷಿಣ ಕೆರೊಲಿನಾ ಗುಲಾಮರಿಗೆ ಅಕ್ಷರ ಕಲಿಸುವುದನ್ನೇ ಕಾನೂನಿಂದ ನಿಷೇಧಿಸಿತು. ಅದೇ ವರ್ಷ ಜುಲೈ 12ರ ತಾರೀಖು ಹಾಕಿ, ಹಸಿ ಜಾಡಿಯ ಹೆಗಲ ಮೇಲೆ ಕಡ್ಡಿಯಿಂದ ಎರಡು ಸಾಲಿನ ಪದ್ಯ ಬರೆದರು. ಮುಂದೆಯೂ ಬರೆಯುತ್ತಲೇ ಹೋದರು. ಅವರ ಸಹಿ ಇರುವ ಪಾತ್ರೆಗಳು ನೂರಕ್ಕೂ ಹೆಚ್ಚು ಉಳಿದಿವೆ. 1859ರ ಮೇ 13ರಂದು ಬ್ಯಾಡ್ಲರ್ ಎಂಬ ಇನ್ನೊಬ್ಬ ಕುಂಬಾರರ ಜೊತೆ ಸೇರಿ ಮಾಡಿದ ಜಾಡಿ ಚಾರ್ಲ್‌ಸ್ಟನ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಸುಮಾರು 40 ಗ್ಯಾಲನ್, ಎಂದರೆ 150 ಲೀಟರ್ ಹಿಡಿಯುತ್ತದೆ. ಅಷ್ಟು ಮಣ್ಣನ್ನು ತಿಗರಿ ಮೇಲೆ ಏರಿಸುವುದು ಎಂಥ ಕೆಲಸ ಎಂದು ಇಲ್ಲಿರುವ ಕುಂಬಾರರಿಗೆ ನಾನು ಹೇಳಬೇಕಿಲ್ಲ.

1857ರ ಆಗಸ್ಟ್ 16ರ ಜಾಡಿಯ ಪದ್ಯ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ನನ್ನ ಬಂಧುಬಳಗವೆಲ್ಲ ಎಲ್ಲಿದೆಯೋ ಎಂದು ಅದರಲ್ಲಿ ಕೇಳುತ್ತಾರೆ. ಆಮೇಲೆ ಎಲ್ಲರಿಗೂ, ಎಲ್ಲ ದೇಶದವರಿಗೂ ಸ್ನೇಹ ಎನ್ನುತ್ತಾರೆ. ಮಾರಾಟವಾಗಿ ಚದುರಿದ ಬಳಗ ಅದು. ಉಪ್ಪಿನ ಮಾಂಸ ತುಂಬಿಡುವ ಜಾಡಿಯ ಮೇಲೆ ಇದನ್ನು ಬರೆದರು.

ಬಿಡುಗಡೆಯಾದ ಮೇಲೆ ಡೇವಿಡ್ ಡ್ರೇಕ್ ಎಂಬ ಹೆಸರು. 1870ರ ಜನಗಣತಿಯಲ್ಲಿ ಅವರ ಕಸುಬು ತಿಗರಿ ತಿರುಗಿಸುವವರು ಎಂದೇ ದಾಖಲಾಗಿದೆ. 2021ರಲ್ಲಿ ಅವರ ಒಂದು ಜಾಡಿ ಹರಾಜಿನಲ್ಲಿ 15.6 ಲಕ್ಷ ಡಾಲರ್‌ಗೆ ಹೋಯಿತು. 2025ರಲ್ಲಿ ಬಾಸ್ಟನ್‌ನ ಲಲಿತಕಲಾ ಮ್ಯೂಸಿಯಂ ತನ್ನಲ್ಲಿದ್ದ ಅವರ ಎರಡು ಜಾಡಿಗಳ ಒಡೆತನವನ್ನು ಅವರ ವಂಶದವರಿಗೆ ಬಿಟ್ಟುಕೊಟ್ಟಿತು. ಒಂದನ್ನು ಮತ್ತೆ ದುಡ್ಡು ಕೊಟ್ಟು ಅವರಿಂದ ಕೊಂಡಿತು. ಇದು ಆಗಬೇಕಾದ್ದೇ. ಮಾಡಿದವರ ಒಪ್ಪಿಗೆ ಇಲ್ಲದೆ ಮೊದಲ ಮಾರಾಟ ಆದ ವಸ್ತು ಅದು.

ಯಲ್ಲಾಪುರದ_ದಾರ

ನಾನು ಮಣ್ಣಿನವಳಲ್ಲ, ಬಟ್ಟೆಯವಳು. ಹಳೇ ಬಟ್ಟೆ, ಕೌದಿ ಬಗ್ಗೆ ಆಸಕ್ತಿ. ಆದರೂ ಒಂದು ಮಾತು.

ನಮ್ಮ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಜನರಿದ್ದಾರೆ. ಅವರ ಹಿರಿಯರೂ ಆಫ್ರಿಕಾದಿಂದ ಬಂದವರು. ಅವರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದರು, ತಪ್ಪಿಸಿಕೊಂಡವರು ಕಾಡು ಹಿಡಿದರು. ಆ ಹೆಂಗಸರು ಹೊಲಿಯುವ ಕೌದಿಗೆ ‘ಕವಂದಿ’ ಎನ್ನುತ್ತಾರೆ. ಹರಿದ ಸೀರೆ, ಅಂಗಿ ತುಂಡುಗಳನ್ನು ಅಂಚಿಂದ ಶುರು ಮಾಡಿ ಒಳಗೆ ಒಳಗೆ ಹೊಲಿಯುತ್ತಾ ಹೋಗುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿದ ಪುಟ್ಟ ತ್ರಿಕೋನ ಇಡುತ್ತಾರೆ. ಅದಕ್ಕೆ ‘ಫುಲ’ ಎನ್ನುತ್ತಾರೆ, ಹೂವು ಅಂತ. ಅದಿಲ್ಲದೆ ಕವಂದಿ ಮುಗಿಯಿತು ಅನ್ನುವ ಹಾಗಿಲ್ಲ.

ಕೆಂಪುಮಣ್ಣು ಅಕ್ಕಾ, ನಿಮ್ಮ ‘ಮಾಡಬಹುದಾ’ ಪ್ರಶ್ನೆ ನನಗೂ ಬಂದಿತ್ತು. ಒಬ್ಬ ಸಿದ್ದಿ ಅಜ್ಜಿಯ ಪಕ್ಕ ಕೂತು ಹೊಲಿಗೆ ಕಲಿತೆ. ಹೊಲಿಗೆ ಕಲಿಸಿದರು, ಚೆನ್ನಾಗಿ ಕಲಿಸಿದರು. ಮೂಲೆಗೆ ಏನಿಡಲಿ ಅಂತ ಕೇಳಿದೆ. ‘ಇದು ನಮ್ಮದು, ನಿನ್ನ ಮೂಲೆಗೆ ನಿನ್ನದು ಏನಾದರೂ ಇಡು’ ಎಂದರು. ನಾನು ಅಮ್ಮನ ಸೀರೆ ಸೆರಗಿನ ಕುಚ್ಚು ಇಟ್ಟೆ. ಅವರು ನೋಡಿ ನಕ್ಕರು, ಬೆನ್ನು ತಟ್ಟಿದರು.

ಹದಮಣ್ಣು

ಇದಕ್ಕಿಂತ ಒಳ್ಳೇ ಉತ್ತರ ನನಗೆ ಹೊಳೆಯುತ್ತಿರಲಿಲ್ಲ. ಕೆಲಸ ಕಲಿಯಿರಿ ಮೇಡಂ. ರೆಪ್ಪೆ ಕಟ್ಟುವುದು, ಬೂದಿ ಗ್ಲೇಜ್, ಬಿಳಿ ಮಣ್ಣು ಕೂರಿಸುವುದು, ಇದನ್ನೆಲ್ಲ ಕಲಿಯದೆ ಆ ಕೈಗಳ ಬೆಲೆಯೂ ಗೊತ್ತಾಗಲ್ಲ. ಆದರೆ ಆ ಮುಖವನ್ನು ನಕಲು ಮಾಡಬೇಡಿ.

ಕಟಾಬಾ_ಕನ್ನಡಿಗ

ನನ್ನ ಮತವೂ ಅದೇ. ಇಲ್ಲಿ ವೀವರ್‌ವಿಲ್‌ನಲ್ಲಿ ಜಿಮ್ ಮೆಕ್‌ಡವೆಲ್ ಎಂಬ ಆಫ್ರಿಕನ್ ಅಮೆರಿಕನ್ ಕುಂಬಾರರಿದ್ದಾರೆ. ಅವರು ಮುಖದ ಹೂಜಿಯನ್ನು ತಮ್ಮ ಹಿರಿಯರ ಮಾತು ಎಂದೇ ಮಾಡುತ್ತಾರೆ. ಹಿಂದೆ ಮುಂದೆ ಅಕ್ಷರ ಕೊರೆಯುತ್ತಾರೆ. ಅದನ್ನು ಕೈಯಲ್ಲಿ ಹಿಡಿದರೆ ಅಂಗಡಿಯ ಹ್ಯಾಲೋವೀನ್ ಹೂಜಿ ಎಷ್ಟು ಟೊಳ್ಳು ಎಂದು ಗೊತ್ತಾಗುತ್ತದೆ. ಮಾಡುವ ಮೊದಲು ಅಂಥವರ ಕೆಲಸ ನೋಡಿ, ಸಾಧ್ಯವಾದರೆ ಒಂದು ಕೊಳ್ಳಿ. ಸಾಟಿ ನಕೂಚಿಯಲ್ಲಿ ಈಶಾನ್ಯ ಜಾರ್ಜಿಯಾದ ಜಾನಪದ ಕುಂಬಾರಿಕೆ ಮ್ಯೂಸಿಯಂ ಇದೆ, 2006ರಲ್ಲಿ ತೆರೆದದ್ದು. ನಿಮಗೆ ಎರಡು ಗಂಟೆ ದಾರಿಯೂ ಇಲ್ಲ.

ಆವಿಗೆ_ಹೊಗೆ

ಅಕ್ಕಾರ, ಬೂದಿ ಯಾವುದು ಹಾಕುತ್ತೀರಿ? ಒಲೆ ಬೂದಿ ಸಿಗುತ್ತದೇನು ಅಲ್ಲಿ?

ಕೆಂಪುಮಣ್ಣು

ಪಕ್ಕದ ಬೀದಿಯಲ್ಲಿ ಸೌದೆ ಒಲೆಯಲ್ಲಿ ಪಿಜ್ಜಾ ಮಾಡುವ ಅಂಗಡಿ ಇದೆ ಅಣ್ಣಾ. ಓಕ್ ಮರದ ಬೂದಿ ಬಕೆಟ್‌ಗಟ್ಟಲೆ ಕೊಟ್ಟರು.

ಹದಮಣ್ಣು

ಮೊದಲು ಜರಡಿ ಹಿಡಿಯಿರಿ. ಕೈಗವಸು ಇಲ್ಲದೆ ಮುಟ್ಟಬೇಡಿ, ಒದ್ದೆ ಬೂದಿ ಚರ್ಮ ಸುಡುತ್ತದೆ. ಶುರುವಿಗೆ ಬೂದಿ ನಾಲ್ಕು ಪಾಲು, ಫೆಲ್ಡ್‌ಸ್ಪಾರ್ ನಾಲ್ಕು, ಮಣ್ಣು ಎರಡು. ಇದು ಕೋನ್ 10ಕ್ಕೆ (ಕೋನ್ ಎಂದರೆ ಆವಿಗೆಯ ಶಾಖದ ಹಂತ, ಅಂಕೆ ಹೆಚ್ಚಾದಷ್ಟೂ ಶಾಖ ಜಾಸ್ತಿ). ನಿಮ್ಮ ತರಗತಿಯಲ್ಲಿ ಕೋನ್ 6ಕ್ಕೆ ನಿಲ್ಲಿಸುತ್ತಾರೆ ಎಂದಾದರೆ ಇದು ಪೂರ್ತಿ ಕರಗಲ್ಲ, ಕೇಳಿ ನೋಡಿ. ಕಣ್ಣು ಹಲ್ಲಿಗೆ ಮೇಣ ಹಚ್ಚಿ ಗ್ಲೇಜ್‌ನಲ್ಲಿ ಅದ್ದಿ, ಆಮೇಲೆ ಒದ್ದೆ ಸ್ಪಂಜಿನಿಂದ ಒರೆಸಿ. ಕೆಳಗಿನ ಒಂದು ಬೆರಳಗಲ ಬಿಟ್ಟುಬಿಡಿ. ಬೂದಿ ಗ್ಲೇಜ್ ಓಡುತ್ತದೆ, ಹಲಗೆಗೆ ಅಂಟಿದರೆ ಕಿತ್ತು ಬರಲ್ಲ.

ಕೆಂಪುಮಣ್ಣು · ಏಳು ವಾರದ ನಂತರ

ತಡವಾಯಿತು, ಕ್ಷಮಿಸಿ. ಒಣಗಿಸಲು ಹನ್ನೆರಡು ದಿನ ಬಿಟ್ಟೆ. ಕೋನ್ 10ಕ್ಕೆ ಸುಡುವ ಒಬ್ಬರು ಆಥೆನ್ಸ್‌ನಲ್ಲಿ ಸಿಕ್ಕರು, ಅವರ ಆವಿಗೆಯಲ್ಲಿ ಒಂದು ಮೂಲೆ ಕೊಟ್ಟರು.

ಸಾಟಿ ನಕೂಚಿಗೂ ಹೋಗಿ ಬಂದೆ. ಅಲ್ಲಿಂದ ಬಂದ ಮೇಲೆ ಮಾಡಿದ್ದು ಎರಡು. ಎರಡರಲ್ಲೂ ಮುಖ ನನ್ನ ಅಜ್ಜಿಯದು. ಅವರು ಹೋಗಿ ಒಂಬತ್ತು ವರ್ಷ. ಮೂಗಿನ ಎರಡೂ ಬದಿ ಮೂಗುತಿ ಚುಚ್ಚಿಸಿಕೊಂಡಿದ್ದರು, ಕಿವಿ ತೂತು ಜೋತು ಬಿದ್ದಿತ್ತು. ಕೆಳಗಿನ ಹಲ್ಲು ಎರಡೇ ಉಳಿದಿದ್ದವು. ಕಿವಿಗೆ ತೂತು ಮಾಡುವಾಗ ಕಡ್ಡಿ ಕೈಯಲ್ಲೇ ಹಿಡಿದು ಬಹಳ ಹೊತ್ತು ಕೂತಿದ್ದೆ. ಯಾವ ಕಿವಿ ಜಾಸ್ತಿ ಜೋತಿತ್ತು ಅಂತ ನೆನಪಾಗಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. ಎಡಗಿವಿ ಎಂದರು.

ಒಂದರ ಕಣ್ಣು ಈ ಸಲವೂ ಸ್ವಲ್ಪ ಬಿರುಕು ಬಿಟ್ಟಿದೆ. ಆದರೆ ಬಿದ್ದಿಲ್ಲ, ರೆಪ್ಪೆ ಹಿಡಿದುಕೊಂಡಿದೆ. ಇನ್ನೊಂದು ಪೂರ್ತಿ ಸರಿ ಬಂದಿದೆ. ಎರಡು ಹಲ್ಲೂ ಗಟ್ಟಿ ಇವೆ. ಬೂದಿ ಗ್ಲೇಜ್ ಹಣೆಯಿಂದ ಇಳಿದು ಗಲ್ಲದ ಹತ್ತಿರ ಹಸಿರು ಹನಿಯಾಗಿ ನಿಂತಿದೆ. ಆವಿಗೆ ತೆಗೆದಾಗ ಇನ್ನೂ ಬೆಚ್ಚಗಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡೇ ಕಾರಿನವರೆಗೆ ನಡೆದೆ.

ತಳದಲ್ಲಿ ಹಸಿ ಇರುವಾಗಲೇ ಕನ್ನಡದಲ್ಲಿ ಕೊರೆದಿದ್ದೇನೆ: ಅಜ್ಜಿಯ ಹೆಸರು, ಮಣ್ಣು ಎಲ್ಲಿಯದು, ಮಾಡಿದ ತಾರೀಖು. ಕೆಳಗೆ ಒಂದು ಸಾಲು, ಈ ಕೆಲಸ ಎಡ್ಜ್‌ಫೀಲ್ಡ್‌ನವರಿಂದ ಕಲಿತದ್ದು ಎಂದು.

ಯಲ್ಲಾಪುರದ_ದಾರ

ಅಕ್ಕಾ, ಫೋಟೋ ಹಾಕಿ. ಎಡಗಿವಿ ಕಾಣುವ ಹಾಗೆ.

ಆವಿಗೆ_ಹೊಗೆ

ಹೌದ್ರಿ, ತಳದ ಫೋಟೋನೂ ಹಾಕ್ರಿ. ಆ ಹನಿ ಎಷ್ಟು ದಪ್ಪ ನಿಂತಿದೆ ನೋಡಬೇಕು. ನಮ್ಮ ಖಾನಾಪುರದ ಮಣ್ಣಿನ ಜೊತೆ ಕಬ್ಬಿನ ಸೋಗೆ ಬೂದಿ ಬೆರೆಸಿ ಒಂದು ತುಂಡು ಸುಟ್ಟು ನೋಡುತ್ತೇನೆ. ಹದಮಣ್ಣು ಸರ್, ನಾಲ್ಕು, ನಾಲ್ಕು, ಎರಡು, ಅಲ್ವಾ? ಸೋಗೆ ಬೂದಿಗೆ ಲೆಕ್ಕ ಬದಲಾಗುತ್ತದೇನು?

ಹದಮಣ್ಣು

ಬದಲಾಗುತ್ತದೆ. ಹುಲ್ಲು, ಸೋಗೆ ಬೂದಿಯಲ್ಲಿ ಮರಳಿನ ಅಂಶ ಜಾಸ್ತಿ, ಬೇಗ ಕರಗಲ್ಲ. ಮಣ್ಣನ್ನು ಒಂದಕ್ಕೆ ಇಳಿಸಿ, ಸ್ವಲ್ಪ ಸುಣ್ಣದಕಲ್ಲಿನ ಪುಡಿ ಸೇರಿಸಿ. ಮೊದಲು ಒಂದು ಬಿಲ್ಲೆ ಮೇಲೆ ನೋಡಿ, ಆಮೇಲೆ ಪಾತ್ರೆಗೆ ಹಾಕಿ. ಬಿಲ್ಲೆಯ ಕೆಳಗೆ ಒಂದು ಹಳೇ ಹೆಂಚಿನ ಚೂರು ಇಡುವುದು ಮರೆಯಬೇಡಿ.